ಸೋತ ರಾತ್ರಿ ಪಬ್‌ನಲ್ಲಿ ಕುಣಿದ ಮಗ: ಕ್ಷಮೆ ಕೇಳಬೇಕಾದ್ದು ಯಾರಲ್ಲಿ?

ಓದುಗರ ಪ್ರಶ್ನೆ:

"ನಾನು ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ ಜಿಲ್ಲೆಯವನು. ಮಗನಿಗೆ 23 ವರ್ಷ. ರಾಜ್ಯ ಮಟ್ಟದ ಟಿ20 ಲೀಗ್‌ನಲ್ಲಿ ಆಡುತ್ತಾನೆ. ಈ ಸಲದ ಕೊನೆಯ ಪಂದ್ಯದಲ್ಲಿ ಒಂದು ಸುಲಭದ ಕ್ಯಾಚ್ ಬಿಟ್ಟ, ತಂಡ ಸೋತು ಹೊರಬಿತ್ತು. ಅವತ್ತೇ ರಾತ್ರಿ ಸ್ನೇಹಿತನ ಹುಟ್ಟುಹಬ್ಬ ಅಂತ ಬೆಂಗಳೂರಿನ ಒಂದು ಪಬ್‌ಗೆ ಹೋಗಿದ್ದ. ಅಲ್ಲಿ ಗ್ಲಾಸ್ ಹಿಡಿದು ಕುಣಿಯುವ ವಿಡಿಯೋವನ್ನು ಯಾರೋ 'ಮ್ಯಾಚ್ ಸೋಲಿಸಿ ಪಾರ್ಟಿ ಮಾಡ್ತಿದ್ದಾನೆ ನೋಡಿ' ಅಂತ ಬರೆದು ಹಾಕಿದರು. ಮರುದಿನ ಇನ್ನೊಂದು ತುಣುಕು ಬಂತು. ಸೆಲ್ಫಿ ಕೇಳಲು ಬಂದ ಒಬ್ಬ ಹುಡುಗನ ಮೊಬೈಲನ್ನು ಇವನು ತಳ್ಳುತ್ತಾನೆ, ಮೊಬೈಲ್ ಕೆಳಗೆ ಬೀಳುತ್ತೆ, ಮೇಲೆ ಒಂದು ಕೆಟ್ಟ ಮಾತು ಬೇರೆ. ಈಗ ನಮ್ಮ ಮನೆಯವರನ್ನೂ ಬಿಡುತ್ತಿಲ್ಲ. ಬಿ.ಕಾಂ. ಓದುವ ಮಗಳ ಇನ್‌ಸ್ಟಾಗ್ರಾಂಗೆ ಹೇಳಬಾರದ ಮೆಸೇಜ್‌ಗಳು ಬರುತ್ತಿವೆ. ಮಗನ ಮ್ಯಾನೇಜರ್ ಕ್ಷಮೆ ಕೇಳುವ ವಿಡಿಯೋ ಹಾಕೋಣ, ಅಪ್ಪ ಅಮ್ಮ ಪಕ್ಕದಲ್ಲಿ ಕೂತರೆ ಒಳ್ಳೇದು ಅಂತಾರೆ. ಕೋಚ್ ತುಟಿ ಬಿಚ್ಚಬೇಡಿ ಅಂತಾರೆ. ನಮ್ಮ ಸಂಬಂಧಿಕ ವಕೀಲರು ಮಾನನಷ್ಟ ಕೇಸು ಹಾಕೋಣ ಅಂತಾರೆ. ಬಿಸಿಸಿಐ ನಿಷೇಧ ಮಾಡುತ್ತೆ, ಡೋಪ್ ಟೆಸ್ಟಿನಲ್ಲಿ ಸಿಕ್ಕಿಬೀಳ್ತಾನೆ ಅಂತ ಊರಲ್ಲಿ ಮಾತು. ವರ್ಷಗಟ್ಟಲೆ ಮಕ್ಕಳಿಗೆ ಶಿಸ್ತು ಹೇಳಿಕೊಟ್ಟವನು ನಾನು. ಪೇಟೆ ಕಡೆ ಹೋಗಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?"

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಮಗನ ಕ್ರಿಕೆಟ್ ಮುಗಿದುಹೋಯಿತಾ ಅನ್ನುವುದು ಒಂದು. ನನ್ನ ಮಗ ಹೀಗಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಸಾಕಷ್ಟು ಖಚಿತವಾಗಿ ಉತ್ತರ ಹೇಳಬಲ್ಲೆ. ಎರಡನೆಯದು ನಿಮ್ಮ ಮತ್ತು ಅವನ ನಡುವಿನ ಮಾತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆಟಗಾರರಿಗೆ ಮಾಧ್ಯಮದ ಮುಂದೆ ಹೇಗಿರಬೇಕು ಅಂತ ಹೇಳಿಕೊಡುವುದು, ಇಂಥ ಗಲಾಟೆ ಆದಾಗ ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಎರಡು ಚಿಂತೆಗಳನ್ನು ಬೆರೆಸಿಕೊಂಡ ಮನೆಗಳಲ್ಲೇ ತಪ್ಪು ನಿರ್ಧಾರಗಳು ಜಾಸ್ತಿ ಆಗುವುದನ್ನು ನೋಡಿದ್ದೇನೆ. ಅಪ್ಪನ ಅವಮಾನ ಕಡಿಮೆ ಮಾಡಲು ಮಗ ಕ್ಯಾಮೆರಾ ಮುಂದೆ ಅಳುತ್ತಾನೆ. ಅದರಿಂದ ಇಬ್ಬರಿಗೂ ಉಪಯೋಗ ಆಗುವುದಿಲ್ಲ.

ಮೊದಲು ಊರ ಮಾತುಗಳನ್ನು ಬಿಡಿಸೋಣ. ಡೋಪ್ ಟೆಸ್ಟ್ ವಿಷಯ ಸುಲಭ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಮದ್ಯ ಇಲ್ಲ. ಮೊದಲು ಬಿಲ್ಲುಗಾರಿಕೆ, ಮೋಟಾರ್ ರೇಸ್‌ನಂಥ ಕೆಲವೇ ಕ್ರೀಡೆಗಳಿಗೆ ಇತ್ತು, 2018ರಲ್ಲಿ ಅದನ್ನೂ ತೆಗೆದರು. ಹಾಗಾಗಿ ಬಿಯರ್ ಕುಡಿದದ್ದಕ್ಕೆ ಕ್ರಿಕೆಟಿಗ ಡೋಪಿಂಗ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಪಾರ್ಟಿಯಲ್ಲಿ ಕೈಯಿಂದ ಕೈಗೆ ಬರುವ ಬೇರೆ ಪದಾರ್ಥಗಳ ಕಥೆಯೇ ಬೇರೆ. ದಕ್ಷಿಣ ಆಫ್ರಿಕಾದ ವೇಗಿ ಕಗಿಸೊ ರಬಾಡ 2025ರಲ್ಲಿ ಐಪಿಎಲ್ ನಡುವೆಯೇ ಮನೆಗೆ ಹೋದರು. ಮೋಜಿಗೆ ಬಳಸುವ ಮಾದಕ ವಸ್ತುವೊಂದು ಪರೀಕ್ಷೆಯಲ್ಲಿ ಸಿಕ್ಕಿದ್ದು ಆಮೇಲೆ ಹೊರಬಂತು, ಒಂದು ತಿಂಗಳು ಆಡುವ ಹಾಗಿರಲಿಲ್ಲ. ಅವತ್ತು ಗ್ಲಾಸಿನಲ್ಲಿ ಮದ್ಯ ಬಿಟ್ಟು ಬೇರೆ ಏನಾದರೂ ಇತ್ತಾ ಅಂತ ಮಗನನ್ನು ನೇರವಾಗಿ ಕೇಳಿ. ಇಲ್ಲ ಅಂದರೆ ಆ ವಿಷಯ ಅಲ್ಲಿಗೇ ಮುಗಿಯಿತು.

ನಿಷೇಧದ ಮಾತು. ಪಂದ್ಯ ಮುಗಿದ ಮೇಲೆ ರಾತ್ರಿ, ವಯಸ್ಸಿಗೆ ಬಂದ ಆಟಗಾರ ಪಬ್‌ಗೆ ಹೋಗಿ ಕುಣಿದ ಅಂತ ಯಾವ ಮಂಡಳಿಯೂ ನಿಷೇಧ ಹಾಕುವುದಿಲ್ಲ. ಐಸಿಸಿಯ ನೀತಿ ಸಂಹಿತೆ ಬಹುಪಾಲು ಅಂತಾರಾಷ್ಟ್ರೀಯ ಪಂದ್ಯಗಳ ನಡವಳಿಕೆಗೆ ಸಂಬಂಧಿಸಿದ್ದು, ನಿಮ್ಮ ಮಗನಿಗೆ ಅದು ತಾಗುವುದೇ ಇಲ್ಲ. ತಾಗುವುದು ರಾಜ್ಯ ಕ್ರಿಕೆಟ್ ಸಂಸ್ಥೆಯ ನಿಯಮ ಮತ್ತು ಫ್ರಾಂಚೈಸಿ, ಅಂದರೆ ತಂಡದ ಮಾಲೀಕರ, ಜೊತೆ ಅವನು ಸಹಿ ಹಾಕಿದ ಒಪ್ಪಂದ. ಆ ಕಾಗದ ತೆಗೆದು ಓದಿ. ನಾನು ನೋಡಿದ ಇಂಥ ಎಲ್ಲ ಒಪ್ಪಂದಗಳಲ್ಲೂ ತಂಡದ ಹೆಸರಿಗೆ ಕೆಡುಕು ತರಬಾರದು ಅನ್ನುವ ಒಂದು ಸಾಲು ಇರುತ್ತದೆ. ಟೂರ್ನಿ ನಡೆಯುವಾಗ ರಾತ್ರಿ ಇಷ್ಟು ಗಂಟೆಯೊಳಗೆ ಹೋಟೆಲ್‌ನಲ್ಲಿ ಇರಬೇಕು ಅನ್ನುವುದೂ ಕೆಲವದರಲ್ಲಿ ಇರುತ್ತದೆ. ತಂಡ ಹೊರಬಿದ್ದ ಮೇಲೂ ಅವನು ತಂಡದ ಹೋಟೆಲ್‌ನಲ್ಲೇ ಇದ್ದನಾ, ಹೊರಗೆ ಹೋಗಲು ಮ್ಯಾನೇಜರ್ ಅನುಮತಿ ಬೇಕಿತ್ತಾ? ಇದೊಂದು ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ, ಅಥವಾ ನಿಜವಾಗಿ ಎಲ್ಲಿ ಭಯಪಡಬೇಕು ಅನ್ನುವುದು ತಿಳಿಯುತ್ತದೆ.

ಮೈದಾನದ ಹೊರಗಿನ ಮಾತಿಗೆ ಶಿಕ್ಷೆ ಆಗುವುದೇ ಇಲ್ಲ ಅಂತಲ್ಲ. ನಮ್ಮವರೇ ಆದ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಪ್ರಕರಣ ನಿಮಗೆ ನೆನಪಿರಬಹುದು. 2019ರ ಜನವರಿ 6ರಂದು ಇಬ್ಬರೂ ಕೂತಿದ್ದ ಒಂದು ಟಿವಿ ಮಾತುಕತೆ ಪ್ರಸಾರ ಆಯಿತು. ಅದರಲ್ಲಿ ಹೆಂಗಸರ ಬಗ್ಗೆ ಆಡಿದ ಮಾತು ಅಸಹ್ಯವಾಗಿತ್ತು, ಹೆಚ್ಚಿನದು ಪಾಂಡ್ಯ ಆಡಿದ್ದು. ಜನವರಿ 11ಕ್ಕೆ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. 24ಕ್ಕೆ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಬಿಸಿಸಿಐನಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ದಂಡ ಹಾಕಿದರು. ಕರ್ತವ್ಯದಲ್ಲಿ ತೀರಿಕೊಂಡ 10 ಅರೆಸೇನಾ ಪೇದೆಗಳ ಕುಟುಂಬಕ್ಕೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್‌ಗೆ 10 ಲಕ್ಷ. ಒಂದು ಶೇವಿಂಗ್ ಬ್ರ್ಯಾಂಡ್ ಪಾಂಡ್ಯ ಜೊತೆಗಿನ ಸಂಬಂಧವನ್ನು ಆಗಲೇ ತಡೆಹಿಡಿದಿತ್ತು. ಅಷ್ಟು ದೊಡ್ಡ ಗಲಾಟೆಯಲ್ಲೂ ಆಡುವ ಬಾಗಿಲು ಮುಚ್ಚಿದ್ದು ಎರಡು ವಾರಕ್ಕೂ ಕಡಿಮೆ. ರಾಹುಲ್ ಆಮೇಲೆ ಇಂಡಿಯಾ 'ಎ' ತಂಡಕ್ಕೆ ಹೋಗಿ, ಅಲ್ಲಿ ಕೋಚ್ ಆಗಿದ್ದ ದ್ರಾವಿಡ್ ಜೊತೆ ಬ್ಯಾಟಿಂಗ್ ಸರಿಮಾಡಿಕೊಂಡರು. ಆ ವರ್ಷದ ಐಪಿಎಲ್‌ನಲ್ಲಿ 593 ರನ್ ಹೊಡೆದರು. ಆದರೆ 2024ರ ಒಂದು ಸಂದರ್ಶನದಲ್ಲಿ ಆ ಘಟನೆ ತನ್ನನ್ನು ಪೂರ್ತಿ ಬದಲಿಸಿತು, ಶಾಲೆಯಲ್ಲೂ ಎಂದೂ ಸಸ್ಪೆಂಡ್ ಆಗಿರಲಿಲ್ಲ ಅಂತ ಹೇಳಿಕೊಂಡರು. ಐದು ವರ್ಷ ಆದ ಮೇಲೂ ಆ ನೋವು ಹೋಗಿರಲಿಲ್ಲ. ಹಾಗಾಗಿ ನಿಮಗೆ ನನ್ನ ಮಾತು ಇಷ್ಟೇ: ಮಗನ ಕ್ರಿಕೆಟ್‌ಗಿಂತ ಅವನ ಮನಸ್ಸಿನ ಬಗ್ಗೆ ಈಗ ಜಾಸ್ತಿ ಗಮನ ಇಡಿ.

ಈಗ ಜನ ಯಾಕೆ ಇಷ್ಟು ಸಿಟ್ಟಾಗಿದ್ದಾರೆ ಅನ್ನುವುದಕ್ಕೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳದೆ ಏನು ಮಾಡಿದರೂ ಎಡವಟ್ಟಾಗುತ್ತದೆ.

ಒಂದು ಪ್ರಶ್ನೆ ಕೇಳುತ್ತೇನೆ. ಅದೇ ರಾತ್ರಿ ಅದೇ ಪಬ್‌ನಲ್ಲಿ ಅದೇ ಹಾಡಿಗೆ ಅವನು ಕುಣಿದಿದ್ದರೆ, ಆದರೆ ಕ್ಯಾಚ್ ಹಿಡಿದು ತಂಡ ಗೆದ್ದಿದ್ದರೆ? ಅದೇ ವಿಡಿಯೋಗೆ ಹೃದಯದ ಚಿಹ್ನೆಗಳು ಬೀಳುತ್ತಿದ್ದವು. 'ನಮ್ಮ ಹುಡುಗ' ಅಂತ ಬರೆಯುತ್ತಿದ್ದರು. ಸಿಟ್ಟು ಬಂದಿರುವುದು ಸೋಲಿನ ಮೇಲೆ. ಅದನ್ನು ಕಕ್ಕಲು ಒಂದು ವಿಡಿಯೋ ಸಿಕ್ಕಿದೆ, ಅಷ್ಟೇ. ವಿಡಿಯೋ ಇಲ್ಲದಿದ್ದರೆ ಬೇರೇನೋ ಸಿಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಪಾಕಿಸ್ತಾನದ ಎದುರು ಹತ್ತು ವಿಕೆಟ್‌ನಿಂದ ಸೋತಾಗ ಮೊಹಮ್ಮದ್ ಶಮಿಗೆ ಅವರ ಧರ್ಮ ಹಿಡಿದು ಬೈದರು. ಮರುವರ್ಷ ಏಷ್ಯಾ ಕಪ್‌ನಲ್ಲಿ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟಿದ್ದಕ್ಕೆ ದೇಶದ್ರೋಹಿ ಅನ್ನುವವರೆಗೆ ಹೋಯಿತು. ಅವರಿಬ್ಬರೂ ಯಾವ ಪಬ್‌ಗೂ ಹೋಗಿರಲಿಲ್ಲ, ಯಾರ ಮೊಬೈಲೂ ತಳ್ಳಿರಲಿಲ್ಲ. ಅದೇ ಅರ್ಷದೀಪ್ 2024ರ ಟಿ20 ವಿಶ್ವಕಪ್‌ನಲ್ಲಿ 17 ವಿಕೆಟ್ ತೆಗೆದಾಗ ಹೊಗಳಿದವರಲ್ಲಿ ಹಿಂದೆ ಬೈದವರೂ ಇದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಪಾಂಡ್ಯ ವಿಷಯವನ್ನೇ ಮತ್ತೆ ನೋಡಿ. 2024ರ ಐಪಿಎಲ್‌ಗೆ ಮುಂಚೆ ರೋಹಿತ್ ಶರ್ಮಾ ಜಾಗಕ್ಕೆ ಮುಂಬೈ ತಂಡದ ನಾಯಕನಾಗಿ ಬಂದರು. ಅದು ಫ್ರಾಂಚೈಸಿಯ ತೀರ್ಮಾನ. ಆದರೂ ಅಹಮದಾಬಾದ್‌ನಲ್ಲಿ, ಸ್ವಂತ ಮೈದಾನ ವಾಂಖೆಡೆಯಲ್ಲೂ, ಅವರ ಹೆಸರು ಹೇಳಿದರೆ ಸಾಕು ಜನ ಕೂಗಿ ಅವಮಾನ ಮಾಡುತ್ತಿದ್ದರು. ಜೂನ್ 29ಕ್ಕೆ ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಹಾಕಿ ಗೆಲ್ಲಿಸಿದರು. ಜುಲೈ 4ರಂದು ಅದೇ ವಾಂಖೆಡೆಯಲ್ಲಿ ಅದೇ ಜನ ಅವರ ಹೆಸರು ಹಿಡಿದು ಜೈಕಾರ ಹಾಕಿದರು. ನಡುವೆ ಅವರ ಗುಣ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ಫಲಿತಾಂಶ. ಮಂಡಳಿಗಳೂ ಇದಕ್ಕೆ ಹೊರತಲ್ಲ. ನ್ಯೂಜಿಲೆಂಡ್ ಎದುರು ಮನೆಯಲ್ಲೇ 3-0, ಆಮೇಲೆ ಆಸ್ಟ್ರೇಲಿಯಾದಲ್ಲಿ 3-1 ಸೋತ ಮೇಲೆ, 2025ರ ಜನವರಿಯಲ್ಲಿ ಬಿಸಿಸಿಐ ಹತ್ತು ಅಂಶದ ಶಿಸ್ತಿನ ಪಟ್ಟಿ ತಂದಿತು. ಹೆಂಡತಿ ಮಕ್ಕಳು ಪ್ರವಾಸದಲ್ಲಿ ಎಷ್ಟು ದಿನ ಇರಬಹುದು, ಲಗೇಜ್ ಎಷ್ಟು ಕೆ.ಜಿ., ಸರಣಿಯ ನಡುವೆ ಜಾಹೀರಾತು ಶೂಟಿಂಗ್ ಬೇಡ, ಹೀಗೆ. ಅದರಲ್ಲಿ ಒಳ್ಳೆಯ ಅಂಶಗಳೂ ಇವೆ. ಆದರೆ ಗೆದ್ದು ಬಂದಿದ್ದರೆ ಆ ಪಟ್ಟಿ ಬರುತ್ತಿತ್ತಾ, ನೀವೇ ಯೋಚಿಸಿ.

ಇದರ ಜೊತೆ ಇನ್ನೊಂದು ಕಾರಣ ಇದೆ. ಅಭಿಮಾನಿ ತನ್ನ ಮನಸ್ಸಿನಲ್ಲಿ ಆಟಗಾರನ ಒಂದು ಚಿತ್ರ ಬರೆದುಕೊಂಡಿರುತ್ತಾನೆ, ಆಟಗಾರನನ್ನು ಕೇಳಿ ಬರೆದದ್ದಲ್ಲ ಅದು. ರಾಹುಲ್ ದ್ರಾವಿಡ್ ಅಂದರೆ ತಾಳ್ಮೆ. ಅವರು 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬೇಡ ಅಂದಿದ್ದು, ಮಕ್ಕಳ ಜೊತೆ ವಿಜ್ಞಾನ ಮೇಳದ ಸಾಲಿನಲ್ಲಿ ನಿಂತಿದ್ದು ಎಲ್ಲ ಆ ಚಿತ್ರಕ್ಕೆ ಸೇರಿಕೊಂಡಿದೆ. 2025ರ ಫೆಬ್ರವರಿಯಲ್ಲಿ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಅವರ ಕಾರಿಗೆ ಗೂಡ್ಸ್ ಆಟೋ ತಗುಲಿ, ಅವರು ಇಳಿದು ಚಾಲಕನ ಜೊತೆ ವಾದ ಮಾಡಿದ ವಿಡಿಯೋ ದೇಶವೆಲ್ಲ ಓಡಾಡಿತು. ಬೆಂಗಳೂರಿನಲ್ಲಿ ದಿನಾ ಸಾವಿರ ಜನ ಮಾಡುವ ಕೆಲಸ ಅದು. ಯಾರೂ ದೂರು ಕೊಡಲಿಲ್ಲ, ಯಾರಿಗೂ ಏಟಾಗಿರಲಿಲ್ಲ. ಸುದ್ದಿ ಆಗಿದ್ದು ಜನ ಬರೆದುಕೊಂಡ ಚಿತ್ರಕ್ಕೆ ಅದು ಹೊಂದಲಿಲ್ಲ ಅಂತ. ದ್ರಾವಿಡ್‌ಗೆ ಆ ಹೆಸರಿನ ಹಿಂದೆ ಎಷ್ಟೋ ವರ್ಷದ ಆಟ ಇತ್ತು, ಎರಡು ದಿನಕ್ಕೆ ತಣ್ಣಗಾಯಿತು. ನಿಮ್ಮ ಮಗನಿಗೆ ಇನ್ನೂ ಅಷ್ಟು ಹಿಂಬಲ ಇಲ್ಲ. ಅವನ ಬಗ್ಗೆ ಎಷ್ಟೋ ಜನರಿಗೆ ಗೊತ್ತಿರುವುದೇ ಈ ಎರಡು ತುಣುಕುಗಳು. ಕಷ್ಟ ಇರುವುದು ಅಲ್ಲಿ.

ಹಾಗಾದರೆ ಅಭಿಮಾನಿಗೆ ಆಟಗಾರ ಏನನ್ನೂ ಕೊಡಬೇಕಿಲ್ಲವಾ? ಕೊಡಬೇಕು. ಪ್ರಾಮಾಣಿಕವಾಗಿ ಆಡಬೇಕು, ಫಿಟ್ ಆಗಿರಬೇಕು, ಮುಂದೆ ನಿಂತ ಮನುಷ್ಯನಿಗೆ ಮರ್ಯಾದೆ ಕೊಡಬೇಕು. ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿ 2018ರ ಜೂನ್‌ನಲ್ಲಿ ಒಂದು ವಿಡಿಯೋ ಹಾಕಿದ್ದರು. ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬಂದು ನಮ್ಮ ಆಟ ನೋಡಿ ಅಂತ ಬೇಡಿಕೊಂಡರು. ಕೀನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಮುಂಬೈ ಮೈದಾನ ತುಂಬಿತು, ತಮ್ಮ ನೂರನೇ ಪಂದ್ಯದಲ್ಲಿ ಎರಡು ಗೋಲು ಹೊಡೆದರು. ಆಟವನ್ನು ಬೈಯುವ ಹಕ್ಕನ್ನು ಅವರೇ ಕೈಯಾರೆ ಕೊಟ್ಟರು. ನಿಮ್ಮ ಮಗನ ಕ್ಯಾಚ್ ಬಗ್ಗೆ ಜನ ಬೈದರೆ ಅವನೂ ಕೇಳಿಸಿಕೊಳ್ಳಬೇಕು. ಟಿಕೆಟ್ ಕೊಂಡವರು ಅವರು. ಸೋತ ರಾತ್ರಿ ಮನೆಯಲ್ಲಿ ಕೂತು ಅಳಲಿಲ್ಲ ಅಂತ ಬೈದರೆ ಅದಕ್ಕೆ ಅವನು ಹೊಣೆ ಅಲ್ಲ. ಸೋತ ದಿನ ಒಬ್ಬೊಬ್ಬ ಆಟಗಾರ ಒಂದೊಂದು ಥರ ಇರುತ್ತಾನೆ. ಕೆಲವರು ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ, ಕೆಲವರು ಒಬ್ಬರೇ ಇರಲಾಗದೆ ಗದ್ದಲ ಹುಡುಕಿಕೊಂಡು ಹೋಗುತ್ತಾರೆ. ಕುಣಿಯುವವನಿಗೆ ಬೇಜಾರಿಲ್ಲ ಅಂತ ತೀರ್ಮಾನ ಮಾಡುವುದು ತಪ್ಪು. ಆ ರಾತ್ರಿ ಅವನು ಎಷ್ಟು ಹೊತ್ತಿಗೆ ಮಲಗಿದ, ಊಟ ಮಾಡಿದನಾ, ಇದನ್ನು ನೀವು ಕೇಳಿದ್ದೀರಾ?

ಈಗ ಏನು ಮಾಡಬೇಕು ಅನ್ನುವುದಕ್ಕೆ. ಎರಡು ವಿಡಿಯೋಗಳನ್ನು ಮೊದಲು ಬೇರೆ ಬೇರೆ ಮಾಡಿ. ಮೊದಲನೆಯದರಲ್ಲಿ ಯಾರಿಗೂ ನೋವಾಗಿಲ್ಲ. ಎರಡನೆಯದರಲ್ಲಿ ಒಬ್ಬ ಹುಡುಗನಿಗೆ ಆಗಿದೆ. ಪ್ರೀತಿಯಿಂದ ಹತ್ತಿರ ಬಂದವನಿಗೆ ಕೆಟ್ಟ ಮಾತು ಸಿಕ್ಕಿತು, ಮೊಬೈಲ್ ಬಿತ್ತು. ಕುಡಿದಿದ್ದ, ಸುಸ್ತಾಗಿದ್ದ, ಹುಡುಗ ಕೇಳದೆ ಕ್ಯಾಮೆರಾ ಮುಖಕ್ಕೆ ಹಿಡಿದ, ಇದೆಲ್ಲ ನಿಜ ಇರಬಹುದು. ಆದರೂ ಅದು ತಪ್ಪೇ. ಕ್ಷಮೆ ಕೇಳಬೇಕಾದ್ದು ಆ ಹುಡುಗನಲ್ಲಿ, ಮಗನೇ ಕೇಳಬೇಕು, ಆದಷ್ಟು ಬೇಗ. ಅವನನ್ನು ಹುಡುಕುವುದು ಕಷ್ಟ ಆಗಲಿಕ್ಕಿಲ್ಲ, ಆ ತುಣುಕು ಹಾಕಿದವರ ಮೂಲಕವೇ ಸಿಗಬಹುದು. ಫೋನ್ ಮಾಡಲಿ, ಸಾಧ್ಯವಾದರೆ ಹೋಗಿ ಭೇಟಿ ಆಗಲಿ. ಮೊಬೈಲ್ ಒಡೆದಿದ್ದರೆ ರಿಪೇರಿ ದುಡ್ಡು ಕೊಡಲಿ. ಆ ಭೇಟಿಯನ್ನು ವಿಡಿಯೋ ಮಾಡಬೇಡಿ. ಮ್ಯಾನೇಜರ್ ಒತ್ತಾಯ ಮಾಡುತ್ತಾರೆ, ಒಂದು ಫೋಟೋ ಆದರೂ ಇರಲಿ ಅಂತಾರೆ. ಬೇಡ. ಆ ಹುಡುಗನೇ ತಾನಾಗಿ ಹಾಕಿಕೊಂಡರೆ ಅವನಿಷ್ಟ.

ಅದಾದ ಮೇಲೆ ಸಾರ್ವಜನಿಕವಾಗಿ ಏನಾದರೂ ಹೇಳಬೇಕಾ? ನನ್ನ ಅಭಿಪ್ರಾಯ, ನಾಲ್ಕು ಸಾಲು ಸಾಕು, ಅದೂ ಬರಹದಲ್ಲಿ. ಒಬ್ಬ ಅಭಿಮಾನಿಯ ಜೊತೆ ಕೆಟ್ಟದಾಗಿ ನಡೆದುಕೊಂಡೆ, ಅವರಲ್ಲಿ ಕ್ಷಮೆ ಕೇಳಿದ್ದೇನೆ, ಹಾಗೆ ಮಾಡಬಾರದಿತ್ತು. ಇಷ್ಟೇ. ಕ್ಯಾಚ್ ಬಗ್ಗೆ ಬೇಡ, ಪಬ್ ಬಗ್ಗೆ ಬೇಡ, 'ಯಾರಿಗಾದರೂ ನೋವಾಗಿದ್ದರೆ' ಅನ್ನುವ ಮಾತಂತೂ ಖಂಡಿತ ಬೇಡ. ನೋವಾಗಿದೆ ಅಂತ ಗೊತ್ತಿದ್ದೂ 'ಆಗಿದ್ದರೆ' ಅಂದರೆ ಜನಕ್ಕೆ ಕೂಡಲೇ ತಿಳಿಯುತ್ತದೆ. ಮ್ಯಾನೇಜರ್ ಹೇಳಿದ ಕುಟುಂಬ ಸಮೇತ ವಿಡಿಯೋ ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಅದರ ಅಪಾಯ ಏನು ಅಂದರೆ, ಕುಣಿದದ್ದೂ ತಪ್ಪು ಅಂತ ಅವನೇ ಒಪ್ಪಿಕೊಂಡ ಹಾಗಾಗುತ್ತದೆ. ಮುಂದೆ ಅವನು ಸೋತ ದಿನ ಹೋಟೆಲ್‌ನಲ್ಲಿ ದೋಸೆ ತಿಂದರೂ ಯಾರೋ ಫೋಟೋ ಹಾಕಿ ಕ್ಷಮೆ ಕೇಳು ಅಂತಾರೆ. ನಿಮ್ಮ, ನಿಮ್ಮ ಮನೆಯವರ ಮುಖವೂ ಟ್ರೋಲ್ ಪೇಜ್‌ಗಳ ಕೈಗೆ ಹೋಗುತ್ತದೆ.

ಕೋಚ್ ಹೇಳಿದ ಮೌನದಲ್ಲಿ ಅರ್ಧ ಸತ್ಯ ಇದೆ. ಮೊದಲ ವಿಡಿಯೋಗೆ ಮೌನವೇ ಸರಿ. ಎರಡನೆಯದಕ್ಕೂ ಮೌನವಾಗಿದ್ದರೆ ಅದು ಸೊಕ್ಕು ಅಂತ ಆಗುತ್ತದೆ, ಮತ್ತೆ ಆ ಹುಡುಗನಿಗೆ ಅನ್ಯಾಯ ಆಗುತ್ತದೆ. ಇನ್ನು ಮಗ ತಾನೇ ಕಾಮೆಂಟ್‌ಗಳಿಗೆ ಉತ್ತರ ಕೊಡಲು ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ವಿರಾಟ್ ಕೊಹ್ಲಿಯಂಥವರೇ 2018ರಲ್ಲಿ, ಬೇರೆ ದೇಶದ ಬ್ಯಾಟರ್‌ಗಳೇ ನನಗಿಷ್ಟ ಅಂದ ಒಬ್ಬನ ಕಾಮೆಂಟ್‌ಗೆ, ಹಾಗಾದರೆ ಭಾರತದಲ್ಲಿ ಇರಬೇಡ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟು ಸಾಕಷ್ಟು ಟೀಕೆ ಕೇಳಬೇಕಾಯಿತು. ಬೈದವನನ್ನು ಯಾರೂ ನೆನಪಿಡುವುದಿಲ್ಲ, ಆಟಗಾರ ಕೊಟ್ಟ ಉತ್ತರ ಉಳಿಯುತ್ತದೆ. ಫೋನಿನಿಂದ ಆ ಆ್ಯಪ್‌ಗಳನ್ನು ಕೆಲವು ವಾರ ತೆಗೆದುಹಾಕಲಿ. ಪಾಸ್‌ವರ್ಡ್ ನಂಬಿಕೆಯ ಸ್ನೇಹಿತನ ಹತ್ತಿರ ಇರಲಿ, ಮ್ಯಾನೇಜರ್ ಹತ್ತಿರ ಬೇಡ.

ಮಾನನಷ್ಟದ ಕೇಸು ಹಾಕಬಹುದಾ ಅಂದರೆ ಹಾಕಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ. ಆದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವ ಕೇಸ್ ಅಲ್ಲ ಅದು, ಮ್ಯಾಜಿಸ್ಟ್ರೇಟ್ ಮುಂದೆ ನೀವೇ ಖಾಸಗಿ ದೂರು ಕೊಡಬೇಕು. ವರ್ಷಗಟ್ಟಲೆ ಎಳೆಯುತ್ತದೆ. ವಿಡಿಯೋ ನಿಜವಾದದ್ದು, ಅದರಲ್ಲಿ ಸುಳ್ಳು ಏನಿದೆ ಅಂತ ಎದುರು ವಕೀಲರು ಕೇಳುತ್ತಾರೆ. ಪ್ರತಿ ವಾಯಿದೆಗೂ ಆ ತುಣುಕು ಮತ್ತೆ ಹೊಸದಾಗಿ ಓಡಾಡುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ನಾನೇ ಹೇಳುತ್ತೇನೆ, ವಕೀಲರನ್ನು ಕರೆಯಿರಿ ಅಂತ: ಕ್ಯಾಚ್ ಬೇಕಂತಲೇ ಬಿಟ್ಟ, ದುಡ್ಡು ತಗೊಂಡ ಅಂತ ಯಾರಾದರೂ ಹೆಸರು ಇರುವ ಪೇಜ್‌ನವರು ಬರೆದರೆ. ಅದು ಬೈಗುಳ ಅಲ್ಲ, ಅವನ ಅನ್ನಕ್ಕೆ ಕೈ ಹಾಕುವ ಆರೋಪ. ಅದನ್ನು ಸುಮ್ನೆ ಬಿಡಬಾರದು.

ಇಲ್ಲಿಂದ ಒಂದು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಇಲ್ಲ, ಆದರೆ ನನ್ನನ್ನು ಕೇಳಿದರೆ ಇಡೀ ಪ್ರಕರಣದಲ್ಲಿ ದೊಡ್ಡ ಪ್ರಶ್ನೆ ಅದೇ. ಅವತ್ತು ಪಬ್‌ನಲ್ಲಿ ಬಿಲ್ ಕೊಟ್ಟವರು ಯಾರು? ಟೇಬಲ್‌ನಲ್ಲಿ ಯಾರು ಯಾರು ಇದ್ದರು? ಹುಟ್ಟುಹಬ್ಬದ ಸ್ನೇಹಿತ ಎಷ್ಟು ದಿನದ ಪರಿಚಯ?

ಯಾಕೆ ಕೇಳುತ್ತಿದ್ದೇನೆ ಅಂದರೆ, ರಾಜ್ಯ ಮಟ್ಟದ ಲೀಗ್ ಆಡುವ ಹುಡುಗರ ಹತ್ತಿರ ಬೆಟ್ಟಿಂಗ್ ನಡೆಸುವ ಬುಕ್ಕಿಗಳ ಕಡೆಯವರು ಬರುವುದು ಹೀಗೇ. ಮೊದಲು ಅಭಿಮಾನಿ, ಆಮೇಲೆ ಸ್ನೇಹಿತ, ಆಮೇಲೆ ಪಾರ್ಟಿ, ಶೂಸ್, ಮೊಬೈಲ್. 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ವಿಷಯದಲ್ಲೇ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದ್ದು ನಿಮಗೂ ಗೊತ್ತು. ಕ್ರಿಕೆಟ್‌ನ ಭ್ರಷ್ಟಾಚಾರ ತಡೆ ನಿಯಮದ ಪ್ರಕಾರ ಫಿಕ್ಸಿಂಗ್ ಮಾಡುವುದು ಮಾತ್ರ ಅಪರಾಧ ಅಲ್ಲ, ಯಾರಾದರೂ ಬಂದು ಆ ಥರ ಮಾತಾಡಿದ್ದನ್ನು ತಿಳಿಸದೆ ಇರುವುದೂ ಅಪರಾಧ. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ 2019ರ ಅಕ್ಟೋಬರ್‌ನಲ್ಲಿ ಎರಡು ವರ್ಷದ ನಿಷೇಧ ಬಿದ್ದಿದ್ದು, ಅದರಲ್ಲಿ ಒಂದು ವರ್ಷವನ್ನು ಷರತ್ತಿನ ಮೇಲೆ ಜಾರಿ ಮಾಡದೆ ಇಟ್ಟಿದ್ದು, ಫಿಕ್ಸಿಂಗ್ ಮಾಡಿದ್ದಕ್ಕಲ್ಲ. ಕೇಳಿಕೊಂಡು ಬಂದವರ ವಿಷಯ ತಿಳಿಸಲಿಲ್ಲ ಅಂತ. ಕುಣಿದ ವಿಡಿಯೋ ಹದಿನೈದು ದಿನಕ್ಕೆ ಮರೆತುಹೋಗುತ್ತದೆ. ಅದರ ಹಿನ್ನೆಲೆಯಲ್ಲಿ ತಪ್ಪು ಮನುಷ್ಯನ ಮುಖ ಇದ್ದರೆ ಅದು ಎರಡು ವರ್ಷದ ಮೇಲೂ ಎದ್ದು ಬರಬಹುದು. ಟೇಬಲ್‌ನಲ್ಲಿ ಗೊತ್ತಿಲ್ಲದವರು ಇದ್ದರು, ಅವರು ಪಿಚ್ ಹೇಗಿತ್ತು, ಯಾರಿಗೆ ಗಾಯ ಆಗಿದೆ ಅಂತ ಕೇಳಿದರು ಅಂತ ಮಗ ಹೇಳಿದರೆ, ತಡ ಮಾಡದೆ ತಂಡದ ಅಥವಾ ಸಂಸ್ಥೆಯ ಭ್ರಷ್ಟಾಚಾರ ತಡೆ ಅಧಿಕಾರಿಗೆ ತಿಳಿಸಿ. ಯಾರು, ಎಲ್ಲಿ, ಏನು ಕೇಳಿದರು ಅಂತ ಅವನ ಕೈಯಲ್ಲೇ ಬರೆಸಿ. ತಾನಾಗಿ ಹೇಳಿದವನನ್ನು ನೋಡುವ ರೀತಿಯೇ ಬೇರೆ, ಸಿಕ್ಕಿಬಿದ್ದವನನ್ನು ನೋಡುವ ರೀತಿಯೇ ಬೇರೆ.

ಇನ್ನೊಂದು ಎಚ್ಚರಿಕೆ. ವಿಡಿಯೋ ಓಡಾಡಿದ ಮೇಲೆ ಅವನ ಫಾಲೋವರ್ಸ್ ಜಾಸ್ತಿ ಆಗಿರುತ್ತಾರೆ. ಈಗಲೇ ದುಡ್ಡು ಮಾಡ್ಕೋ ಅಂತ ಯಾವುದೋ ದುಡ್ಡು ಕಟ್ಟಿ ಆಡುವ ಆ್ಯಪ್‌ನವರು ಬರಬಹುದು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅಂಥ ಆಟ ಮಾತ್ರವಲ್ಲ, ಅದರ ಜಾಹೀರಾತೂ ನಿಷೇಧ. ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಟೀಮ್ ಇಂಡಿಯಾ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರೇ ಆಗ ಹೋಯಿತು. ಒಂದು ಸ್ಟೋರಿ ಹಾಕಿದರೆ ಇಷ್ಟು ಅಂತ ಯಾರಾದರೂ ಅಂದರೆ ಬೇಡ ಅನ್ನಲಿ.

ಕಾನೂನು ಬೇರೆ, ಮಂಡಳಿಯ ಶಿಸ್ತು ಬೇರೆ ಅನ್ನುವುದನ್ನೂ ಮಗನಿಗೆ ಹೇಳಿ. ಇಂಗ್ಲೆಂಡಿನ ಬೆನ್ ಸ್ಟೋಕ್ಸ್ 2017ರಲ್ಲಿ ಬ್ರಿಸ್ಟಲ್‌ನ ನೈಟ್‌ಕ್ಲಬ್ ಹೊರಗೆ ಬಡಿದಾಡಿಕೊಂಡರು. ಆ ಸಲ ಆಸ್ಟ್ರೇಲಿಯಾ ಎದುರಿನ ಆ್ಯಷಸ್ ಸರಣಿ ಆಡಲು ಆಗಲಿಲ್ಲ. 2018ರ ಆಗಸ್ಟ್‌ನಲ್ಲಿ ಕೋರ್ಟು ನಿರ್ದೋಷಿ ಅಂತ ಬಿಟ್ಟಿತು, ಆದರೂ ಡಿಸೆಂಬರ್‌ನಲ್ಲಿ ಶಿಸ್ತು ಸಮಿತಿ ಎಂಟು ಪಂದ್ಯದ ನಿಷೇಧ, 30,000 ಪೌಂಡ್ ದಂಡ ಹಾಕಿತು. ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಅವರೇ. ಅಷ್ಟು ದೊಡ್ಡ ಘಟನೆಯಿಂದಲೂ ವಾಪಸ್ ಬರಬಹುದು. ಆದರೆ ಸ್ಟೋಕ್ಸ್ ಅಷ್ಟು ಒಳ್ಳೆಯ ಆಟಗಾರ ಆಗಿದ್ದರು ಅನ್ನುವುದನ್ನು ಮರೆಯಬಾರದು. ನಿಮ್ಮ ಮಗನ ಜಾಗಕ್ಕೆ ಕಾಯುತ್ತಿರುವವರು ಬಹಳ ಜನ ಇದ್ದಾರೆ. ಸೆಲೆಕ್ಟರ್ ಮುಂದೆ ಇಬ್ಬರು ಒಂದೇ ಸಮ ಇದ್ದಾಗ ಈ ತುಣುಕು ಲೆಕ್ಕಕ್ಕೆ ಬರಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ಆಗ ಅವನ ಕೈಯಲ್ಲಿ ಇರುವುದು ಒಂದೇ, ಒಂದೇ ಸಮ ಇರದೆ ಒಂದು ಹೆಜ್ಜೆ ಮುಂದೆ ಇರುವುದು. ಮುಂದಿನ ಕ್ಲಬ್ ಪಂದ್ಯಕ್ಕೆ ತಪ್ಪಿಸದೆ ಹೋಗಲಿ. ಸ್ಲಿಪ್‌ನಲ್ಲಿ ನಿಂತು ಕ್ಯಾಚ್ ಪ್ರಾಕ್ಟೀಸ್ ಮಾಡಲಿ.

ನಿಮ್ಮ ಎರಡನೇ ಚಿಂತೆಗೆ ಬರುತ್ತೇನೆ. ಅವನು ಕುಡಿಯುತ್ತಾನೆ ಅನ್ನುವುದು ನಿಮಗೆ ವಿಡಿಯೋ ನೋಡಿಯೇ ಗೊತ್ತಾಯಿತು ಅಂತ ಪತ್ರದ ಧಾಟಿಯಿಂದ ಅನಿಸುತ್ತದೆ. ಆ ನೋವು ದೊಡ್ಡದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಅವನ ಜೊತೆ ಆ ಮಾತು ಆಡಿ, ಆದರೆ ಈ ವಾರ ಬೇಡ. ಊರೆಲ್ಲ ಬೈಯುವಾಗ ಮನೆಯಲ್ಲೂ ಬೈಗುಳ ಬಿದ್ದರೆ ಹುಡುಗರು ಮುಚ್ಚಿಕೊಂಡುಬಿಡುತ್ತಾರೆ, ಆಮೇಲೆ ಬಿಲ್ ಯಾರು ಕೊಟ್ಟರು ಅನ್ನುವ ಪ್ರಶ್ನೆಗೂ ನಿಜ ಹೇಳುವುದಿಲ್ಲ. ನಿಮಗೆ ಈಗ ಅವನ ನಿಜ ಬೇಕು. ಅವನಿಗೆ ನಿದ್ದೆ ಬರುತ್ತಿಲ್ಲ, ಯಾರ ಜೊತೆಗೂ ಮಾತಾಡುತ್ತಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂತು ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪೇಟೆಗೆ ನೀವು ಹೋಗಿ. ಯಾರಾದರೂ ಕೇಳಿದರೆ, ಆ ಹುಡುಗನಿಗೆ ಹಾಗೆ ಮಾಡಿದ್ದು ತಪ್ಪು, ಮಗ ಹೋಗಿ ಕ್ಷಮೆ ಕೇಳಿದ್ದಾನೆ ಅಂತ ಹೇಳಿ. ಮೇಷ್ಟ್ರಾಗಿ ನೀವು ಮಕ್ಕಳಿಗೆ ಹೇಳಿಕೊಟ್ಟಿದ್ದೂ ಅದನ್ನೇ ಅಲ್ವಾ?

ಮಗಳ ವಿಷಯವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ನೋಡುತ್ತೇನೆ. ಅವಳು ಯಾವ ಆಟವನ್ನೂ ಆಡಿಲ್ಲ, ಯಾವ ಕ್ಯಾಚನ್ನೂ ಬಿಟ್ಟಿಲ್ಲ. ಅವಳಿಗೆ ಬರುತ್ತಿರುವುದು ಅಭಿಮಾನಿಗಳ ಬೇಸರ ಅಲ್ಲ, ಅದು ಅಪರಾಧ. ಮೆಸೇಜ್ ಅಳಿಸಬೇಡಿ. ಕಳಿಸಿದವರ ಹೆಸರು, ಪ್ರೊಫೈಲ್ ಲಿಂಕ್, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಲಿ, ಖಾತೆಯನ್ನು ಪ್ರೈವೇಟ್ ಮಾಡಲಿ. ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು, ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ಕೊಡಬಹುದು. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79, ಬೆನ್ನುಬಿದ್ದು ಕಾಡುವುದಕ್ಕೆ 78, ಬೆದರಿಕೆಗೆ 351, ಅಶ್ಲೀಲ ಚಿತ್ರ ಕಳಿಸಿದ್ದರೆ ಐಟಿ ಕಾಯ್ದೆಯ 67. ವಕೀಲರಾದ ನಿಮ್ಮ ಸಂಬಂಧಿಕರ ಶ್ರಮ ಮಾನನಷ್ಟಕ್ಕಿಂತ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ದೂರು ಕೊಟ್ಟರೆ ಅವಳು ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಾಗಬಹುದು, ಕಾಲೇಜಿನಲ್ಲಿ ಗೊತ್ತಾಗಬಹುದು, ಇದನ್ನೆಲ್ಲ ಮೊದಲೇ ಅವಳಿಗೆ ಬಿಡಿಸಿ ಹೇಳಿ. ಆಮೇಲೆ ದೂರು ಕೊಡಬೇಕಾ ಬೇಡವಾ ಅಂತ ಅವಳನ್ನೇ ಕೇಳಿ. ಇದುವರೆಗೆ ಮನೆಯಲ್ಲಿ ಎಲ್ಲರೂ ಮಗನ ಬಗ್ಗೆಯೇ ಮಾತಾಡಿರುತ್ತೀರಿ, ಅವಳನ್ನು ಯಾರೂ ಏನೂ ಕೇಳಿರಲಿಕ್ಕಿಲ್ಲ.